ನಿಟ್ಟೂರಿನ ವಕೀಲರು ಮತ್ತು ಸರ್ಕಾರದ ಹಿಂಬರಹ

ತಾಲ್ಲೂಕು ಕಚೇರಿಗೆ ಅಲೆದವರಿಗೆಲ್ಲ ಒಂದು ಕಾಗದದ ಪರಿಚಯ ಇದ್ದೇ ಇರುತ್ತದೆ. ಅದರ ತಲೆಯ ಮೇಲೆ ‘ಹಿಂಬರಹ’ ಎಂದಿರುತ್ತದೆ. ಕೆಳಗೆ ಅರ್ಜಿದಾರರ ಹೆಸರು, ಗ್ರಾಮ, ಹೋಬಳಿ, ಸರ್ವೆ ನಂಬರು, ಅರ್ಜಿ ಕೊಟ್ಟ ತಾರೀಖು. ಆಮೇಲೆ ಒಂದೇ ಒಂದು ವಾಕ್ಯ: ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶ ಇಲ್ಲದಿರುವುದರಿಂದ ಸದರಿ ಅರ್ಜಿಯನ್ನು ವಿಲೇ ಮಾಡಲಾಗಿದೆ. ಅದರಡಿ ದುಂಡನೆಯ ಸೀಲು, ಸೀಲಿನ ಮೇಲೆ ಹಾದುಹೋದ ಸಹಿ. ಏನನ್ನು ಪರಿಶೀಲಿಸಿದರು, ಯಾವ ನಿಯಮ ಅಡ್ಡಬಂತು, ಇನ್ನೇನು ದಾಖಲೆ ತಂದಿದ್ದರೆ ಕೆಲಸ ಆಗುತ್ತಿತ್ತು ಎಂಬ ಪ್ರಶ್ನೆಗಳಿಗೆ ಆ ಕಾಗದದಲ್ಲಿ ಉತ್ತರ ಸಿಗುವುದಿಲ್ಲ. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಯುವ ರೈತನಿಗೆ ತಿಳಿಯುವುದು ಇಷ್ಟೇ: ಒಳಗೆ ಯಾರೋ ಬೇಡ ಅಂದಿದ್ದಾರೆ. ಆ ‘ಯಾರೋ’ ಅನ್ನುವವರನ್ನು ಹುಡುಕಿಕೊಂಡು ಹೋಗುವ ದಾರಿಯಲ್ಲೇ ದಲ್ಲಾಳಿ ಸಿಗುತ್ತಾನೆ, ಶಿಫಾರಸು ಬೇಕಾಗುತ್ತದೆ, ಲಂಚ ಹುಟ್ಟುತ್ತದೆ. ಭ್ರಷ್ಟಾಚಾರದ ಬಗ್ಗೆ ನಾವಾಡುವ ಮಾತೆಲ್ಲ ಹಣದ ಸುತ್ತಲೇ ಸುತ್ತುತ್ತದೆ. ಆದರೆ ಹಣ ಕೈ ಬದಲಾಯಿಸುವ ಮೊದಲೇ ಒಂದು ಕಾರಣ ಬರೆಯದೆ ಉಳಿದಿರುತ್ತದೆ. ಅಧಿಕಾರದಲ್ಲಿರುವವರು ತಮ್ಮ ನಿರ್ಧಾರದ ಕಾರಣವನ್ನು, ಆ ನಿರ್ಧಾರ ಯಾರನ್ನು ತಟ್ಟುತ್ತದೋ ಅವರಿಗೆ ಅರ್ಥವಾಗುವ ಮಾತಿನಲ್ಲಿ ಬರೆದುಕೊಡಲೇಬೇಕು. ಉಳಿದ ಸುಧಾರಣೆಗಳೆಲ್ಲ ಅದರ ಬೆನ್ನ ಹಿಂದೆ ಬರುವಂಥವು. ಈ ವಾದಕ್ಕೆ ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹೆಸರನ್ನು ದೆಹಲಿಯವರೆಗೆ ಹೊತ್ತೊಯ್ದ ಒಬ್ಬ ವಕೀಲರ ಬದುಕಿಗಿಂತ ಗಟ್ಟಿಯಾದ ಆಧಾರ ನನಗೆ ಕಾಣುವುದಿಲ್ಲ.

ನಿಟ್ಟೂರು ಶ್ರೀನಿವಾಸರಾಯರು ಹುಟ್ಟಿದ್ದು 1903ರ ಆಗಸ್ಟ್ 24ರಂದು, ತೀರಿಕೊಂಡದ್ದು 2004ರ ಆಗಸ್ಟ್ 12ರಂದು. ನೂರಾ ಒಂದು ತುಂಬಲು ಹನ್ನೆರಡೇ ದಿನ ಬಾಕಿ ಇತ್ತು. ಕಾನೂನು ಓದಿ ಅರಸರ ಆಳ್ವಿಕೆಯ ಮೈಸೂರಿನಲ್ಲಿ ಕರಿಕೋಟು ತೊಟ್ಟವರು. ಗಾಂಧೀಜಿಯ ಪ್ರಭಾವಕ್ಕೆ ಸಿಕ್ಕಿ ಸ್ವಾತಂತ್ರ್ಯ ಚಳವಳಿಗೆ ಬಂದವರು. ಗಾಂಧೀಜಿಯ ಆತ್ಮಕಥೆಯನ್ನು ಕನ್ನಡಕ್ಕೆ ಅನುವಾದಿಸಿದವರು. ಅದೇ ಗುಂಗಿನಲ್ಲಿ ‘ಸತ್ಯಶೋಧನ’ ಎಂಬ ಹೆಸರಿನ ಪ್ರಕಾಶನವನ್ನೂ ಪುಸ್ತಕದ ಅಂಗಡಿಯನ್ನೂ ಬೆಂಗಳೂರಿನಲ್ಲಿ ಕಟ್ಟಿದವರು. ಸ್ವಾತಂತ್ರ್ಯ ಬಂದ ಮೇಲೆ ನ್ಯಾಯಮೂರ್ತಿಯಾಗಿ, 1962–63ರಲ್ಲಿ ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ಸ್ವಲ್ಪ ಕಾಲ ಹಂಗಾಮಿ ರಾಜ್ಯಪಾಲರಾಗಿಯೂ ಕೆಲಸ ಮಾಡಿದರು. 1964ರಲ್ಲಿ ಕೇಂದ್ರ ಜಾಗೃತ ಆಯೋಗ ಹುಟ್ಟಿದಾಗ ಅದರ ಮೊದಲ ಆಯುಕ್ತರಾಗಿ ದೆಹಲಿಗೆ ಹೋದರು. ಗುಬ್ಬಿ ಎಂದರೆ ಜನಕ್ಕೆ ನಾಟಕದ ವೀರಣ್ಣನವರು ನೆನಪಾಗುತ್ತಾರೆ, ತುಮಕೂರು ಎಂದರೆ ಸಿದ್ಧಗಂಗೆಯ ದಾಸೋಹ, ಕುಣಿಗಲ್ ಎಂದರೆ ಕೆರೆ ಮತ್ತು ಕುದುರೆ ಫಾರಂ. ಆ ನೆನಪುಗಳು ಸರಿಯಾದವೇ. ಆದರೆ ಅರಸೀಕೆರೆ ಕಡೆಗೆ ಹೋಗುವ ರೈಲು ಗುಬ್ಬಿ ದಾಟಿದ ಮೇಲೆ ನಿಟ್ಟೂರಿನಲ್ಲಿ ನಿಂತಾಗ, ಭಾರತದ ಭ್ರಷ್ಟಾಚಾರ ನಿಗ್ರಹದ ಮೊದಲ ಕಾವಲುಗಾರರ ಹೆಸರಿನ ಮುಂದೆ ಇದ್ದದ್ದು ಇದೇ ಬೋರ್ಡಿನ ಹೆಸರು ಎಂದು ನೆನೆಯುವ ಪ್ರಯಾಣಿಕರು ಎಷ್ಟು ಜನ? ನಾನು ಕೇಳುತ್ತಿರುವುದು ಪ್ರತಿಮೆಯನ್ನಾಗಲಿ, ವೃತ್ತಕ್ಕೆ ಅವರ ಹೆಸರನ್ನಾಗಲಿ ಅಲ್ಲ. ಅವರು ಬಿಟ್ಟುಹೋದ ಒಂದು ಕೆಲಸ ಇನ್ನೂ ಅರ್ಧದಲ್ಲಿದೆ, ಅದರ ಕಡೆ ನೋಡೋಣ ಎನ್ನುತ್ತಿದ್ದೇನೆ.

ವಕೀಲರು ರಾಜಕೀಯಕ್ಕೆ ಬಂದು ದೇಶ ಕಟ್ಟುವುದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಅಮೆರಿಕ ಇನ್ನೂ ದೇಶವಾಗುವ ಮೊದಲು, 1770ರ ಮಾರ್ಚ್ 5ರ ರಾತ್ರಿ ಬಾಸ್ಟನ್ನಿನಲ್ಲಿ ಬ್ರಿಟಿಷ್ ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು. ಐವರು ಸತ್ತರು. ಊರಿಗೆ ಊರೇ ಕುದಿಯುತ್ತಿತ್ತು. ಕ್ಯಾಪ್ಟನ್ ಪ್ರೆಸ್ಟನ್ ಮತ್ತು ಅವನ ಎಂಟು ಮಂದಿ ಸೈನಿಕರ ಪರವಾಗಿ ನಿಲ್ಲಲು ವಕೀಲರು ಸಿಗುವುದೇ ಕಷ್ಟವಾಯಿತು. ವಕಾಲತ್ತು ಹಿಡಿದವರು ಜಾನ್ ಆಡಮ್ಸ್. ಆಗ ಅವರಿಗೆ 34 ವರ್ಷ, ಬ್ರಿಟಿಷರ ನೀತಿಯನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದವರು. ಆದರೂ ಆರೋಪಿಗೆ ವಕೀಲ ಇರಲೇಬೇಕು, ತೀರ್ಪು ಸಾಕ್ಷ್ಯದ ಮೇಲೆ ನಿಲ್ಲಬೇಕು ಎಂದು ಪಟ್ಟುಹಿಡಿದರು. ಕ್ಯಾಪ್ಟನ್ ಖುಲಾಸೆಯಾದ. ಸೈನಿಕರಲ್ಲಿ ಆರು ಮಂದಿ ಬಿಡುಗಡೆಯಾದರು, ಇಬ್ಬರಿಗೆ ಕೊಲೆಗಿಂತ ಕಡಿಮೆಯ ಅಪರಾಧಕ್ಕೆ ಶಿಕ್ಷೆಯಾಯಿತು. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಆ ಕೇಸು ಹಿಡಿದ ಕೆಲವೇ ತಿಂಗಳಲ್ಲಿ ಅದೇ ಬಾಸ್ಟನ್ನಿನ ಜನ ಆಡಮ್ಸರನ್ನು ಶಾಸನಸಭೆಗೆ ಆರಿಸಿದರು. ಮುಂದೆ ಅವರು ಮ್ಯಾಸಚೂಸೆಟ್ಸ್ ರಾಜ್ಯದ 1780ರ ಸಂವಿಧಾನವನ್ನು ಬರೆದರು, 1797ರಲ್ಲಿ ದೇಶದ ಎರಡನೇ ಅಧ್ಯಕ್ಷರಾದರು. ತಮ್ಮ ಸಿಟ್ಟಿಗೆ ವಿರುದ್ಧವಾಗಿ ನಿಂತವನನ್ನೂ ಜನ ನಂಬಿದರು, ಯಾಕೆಂದರೆ ಅವನು ಯಾಕೆ ಹಾಗೆ ನಿಂತ ಎಂಬುದನ್ನು ಎಲ್ಲರೆದುರು ಬಿಡಿಸಿ ಹೇಳಿದ್ದ. ಕಾರಣ ತಿಳಿದ ಮೇಲೆ ಒಪ್ಪದಿದ್ದರೂ ಜನ ಸಹಿಸುತ್ತಾರೆ, ಕಾರಣ ಮುಚ್ಚಿಟ್ಟರೆ ಒಳ್ಳೆಯ ನಿರ್ಧಾರವನ್ನೂ ಅನುಮಾನಿಸುತ್ತಾರೆ.

ಮೈಸೂರು ರಾಜ್ಯದ ಆರಂಭವೂ ವಕೀಲರ ಕಾಲವೇ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಬಿ.ಡಿ. ಜತ್ತಿ: ಮೊದಲ ಐವರು ಮುಖ್ಯಮಂತ್ರಿಗಳೂ ಕಾನೂನು ಓದಿದವರು. ಇವರಲ್ಲಿ ಕೆಂಗಲ್ಲರು ಮುಂದೆ ದೇಶದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರೂ ಆದರು. ಇದರಿಂದ ವಕೀಲರೆಲ್ಲ ಸಾಚಾ ಎಂದೇನೂ ಹೇಳಲಾಗದು. ಆದರೆ ಕೋರ್ಟಿನ ಕೆಲಸದಲ್ಲಿ ಒಂದು ಕಟ್ಟುಪಾಡು ಇದೆ. ಎದುರಾಳಿ ಎದ್ದು ನಿಲ್ಲುತ್ತಾನೆಂದು ಗೊತ್ತಿದ್ದೇ ಮಾತಾಡಬೇಕು. ಹೇಳಿದ್ದಕ್ಕೆಲ್ಲ ದಾಖಲೆ ತೋರಿಸಬೇಕು. ನ್ಯಾಯಾಧೀಶರೂ ‘ವಾದಿ ಸೋತ’ ಎಂದಷ್ಟೇ ಹೇಳಿ ಎದ್ದುಹೋಗುವಂತಿಲ್ಲ, ಯಾಕೆ ಸೋತ ಎಂದು ಪುಟಗಟ್ಟಲೆ ಬರೆಯಬೇಕು. ಸೋತವನು ಆ ಪುಟಗಳನ್ನು ಹಿಡಿದು ಮೇಲಿನ ಕೋರ್ಟಿಗೆ ಹೋಗುತ್ತಾನೆ. ಅಲ್ಲಿ ಇನ್ನೊಬ್ಬ ನ್ಯಾಯಾಧೀಶರು ಸಾಲುಸಾಲಾಗಿ ಓದಿ ತಪ್ಪು ಹುಡುಕುತ್ತಾರೆ. ತನ್ನ ಬರಹವನ್ನು ಬೇರೆಯವರು ತೂಗಿ ನೋಡುತ್ತಾರೆಂಬ ಅರಿವು ಬರೆಯುವ ಕೈಯನ್ನು ಹದದಲ್ಲಿಡುತ್ತದೆ. ತುಮಕೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಒಂದು ಸಣ್ಣ ಗದ್ದೆಬದುವಿನ ಜಗಳಕ್ಕೂ ಈ ಮರ್ಯಾದೆ ಸಿಗುತ್ತದೆ. ಅಲ್ಲಿಂದ ಕೂಗಳತೆಯ ದೂರದ ಸರ್ಕಾರಿ ಕಚೇರಿಗಳಲ್ಲಿ ಇಡೀ ಹಳ್ಳಿಯ ಹಣೆಬರಹ ತೀರ್ಮಾನವಾಗುವಾಗ ಸಿಗುವುದಿಲ್ಲ. ಶ್ರೀನಿವಾಸರಾಯರು ದೆಹಲಿಗೆ ಹೋಗಿ ಮಾಡಬೇಕಾಗಿ ಬಂದದ್ದು ಇದನ್ನೇ: ಕೋರ್ಟಿನ ಈ ಕಟ್ಟುಪಾಡನ್ನು ಕಚೇರಿಯ ಒಳಗೆ ತರುವುದು.

ಕೇಂದ್ರ ಜಾಗೃತ ಆಯೋಗ ಹುಟ್ಟಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸರ್ಕಾರಿ ನೌಕರರ ಲಂಚಗುಳಿತನದ ಬಗ್ಗೆ ಸಂಸತ್ತಿನಲ್ಲಿ ಗದ್ದಲ ಜೋರಾದಾಗ, 1962ರಲ್ಲಿ ಆಗಿನ ಗೃಹ ಸಚಿವ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೆ. ಸಂತಾನಂ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಆ ಸಮಿತಿಯ ಸಲಹೆಯಂತೆ 1964ರ ಫೆಬ್ರವರಿ 11ರ ಸರ್ಕಾರಿ ನಿರ್ಣಯದಿಂದ ಆಯೋಗ ಬಂತು. ಸಮಿತಿ ಬಯಸಿದಷ್ಟು ಅಧಿಕಾರವನ್ನು ಸರ್ಕಾರ ಕೊಡಲಿಲ್ಲ. ಬಂಧಿಸುವ, ಶಿಕ್ಷಿಸುವ ಹಕ್ಕು ಆಯೋಗಕ್ಕಿರಲಿಲ್ಲ. ಯಾವ ನೌಕರನ ಮೇಲೆ ಏನು ಕ್ರಮ ಆಗಬೇಕೆಂದು ಇಲಾಖೆಗೆ ಸಲಹೆ ಕೊಡುವುದಷ್ಟೇ ಅದರ ಕೆಲಸ. ಆದರೆ ಆ ನಿರ್ಣಯದೊಳಗೆ ಒಂದು ಸಣ್ಣ ಕೊಂಡಿ ಇತ್ತು. ಆಯೋಗ ವರ್ಷಕ್ಕೊಮ್ಮೆ ವರದಿ ಬರೆಯಬೇಕು, ತನ್ನ ಯಾವ ಸಲಹೆಯನ್ನು ಸರ್ಕಾರ ಒಪ್ಪಲಿಲ್ಲ ಎಂಬುದನ್ನು ಅದರಲ್ಲಿ ಎತ್ತಿ ಹೇಳಬೇಕು. ಆ ವರದಿಯನ್ನು ಸಂಸತ್ತಿನ ಮುಂದೆ ಇಡುವಾಗ, ಒಪ್ಪದೇ ಹೋದದ್ದು ಯಾಕೆ ಎಂಬ ಕಾರಣಗಳ ಟಿಪ್ಪಣಿಯನ್ನು ಸರ್ಕಾರ ಜೊತೆಗೇ ಲಗತ್ತಿಸಬೇಕು. ಅಂದರೆ ಮಂತ್ರಿಗೆ ಸಲಹೆಯನ್ನು ತಳ್ಳಿಹಾಕುವ ಸ್ವಾತಂತ್ರ್ಯ ಉಂಟು, ಸದ್ದಿಲ್ಲದೆ ತಳ್ಳಿಹಾಕುವ ಸ್ವಾತಂತ್ರ್ಯ ಇಲ್ಲ. ಆಗ ಆಯುಕ್ತರ ಅವಧಿ ಆರು ವರ್ಷ ಅಥವಾ ಅರವತ್ತೈದು ವಯಸ್ಸಿನವರೆಗೆ ಇತ್ತು. ಶ್ರೀನಿವಾಸರಾಯರು 1968ರ ಆಗಸ್ಟ್ 23ರಂದು, ಅರವತ್ತೈದು ತುಂಬುವ ಹಿಂದಿನ ದಿನ, ಆ ಕುರ್ಚಿಯಿಂದ ಇಳಿದರು. ಹಿಂದೆ ನಡೆದುಬಂದ ದಾರಿಯಿಲ್ಲದ ಸಂಸ್ಥೆಯ ಮೊದಲ ನಾಲ್ಕೂವರೆ ವರ್ಷಗಳು ಅವರವು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, ತಮ್ಮ ಆದೇಶಕ್ಕೆ ಇಡೀ ರಾಜ್ಯ ತಲೆಬಾಗುತ್ತಿದ್ದ ಪೀಠದಿಂದ ಎದ್ದು, ಬರೀ ಸಲಹೆ ಕೊಡುವ ಮೇಜಿಗೆ ಹೋಗಿ ಕೂತರು ಎಂಬುದನ್ನು ನಾನು ಸಣ್ಣ ಸಂಗತಿ ಎಂದುಕೊಂಡಿಲ್ಲ. ಆಜ್ಞೆಗಿಂತ ಕಾರಣ ದೊಡ್ಡದೆಂಬ ನಂಬಿಕೆ ಇಲ್ಲದವರಿಗೆ ಅದು ಸಾಧ್ಯವಾಗುವ ಕೆಲಸವಲ್ಲ.

ಹಲ್ಲಿಲ್ಲದ ಹಾವನ್ನು ಯಾಕೆ ಹೊಗಳುತ್ತೀರಿ ಎಂದು ಕೇಳುವವರಿದ್ದಾರೆ, ಆ ಪ್ರಶ್ನೆಯಲ್ಲಿ ತೂಕವಿದೆ. ಮೂವತ್ತು ವರ್ಷಕ್ಕೂ ಮೀರಿ ಆಯೋಗ ಒಂದು ಸರ್ಕಾರಿ ನಿರ್ಣಯದ ಮೇಲೆ ನಿಂತಿತ್ತೇ ಹೊರತು ಕಾಯ್ದೆಯ ಬಲ ಅದಕ್ಕಿರಲಿಲ್ಲ. 1997ರ ಡಿಸೆಂಬರಿನಲ್ಲಿ ವಿನೀತ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಹೇಳಿದ ಮೇಲೆ, 2003ರಲ್ಲಿ ಕಾಯ್ದೆ ಬಂತು. ಅದನ್ನು ಕಣ್ಣಾರೆ ನೋಡಿ ಮರುವರ್ಷ ಶ್ರೀನಿವಾಸರಾಯರು ತೀರಿಕೊಂಡರು. ಈ ನಡುವೆ ದೇಶದ ಲಂಚಗುಳಿತನ ಕಡಿಮೆಯಾಯಿತೆಂದು ಯಾರೂ ಎದೆಮುಟ್ಟಿ ಹೇಳಲಾರರು. ಒಪ್ಪುತ್ತೇನೆ. ಆದರೆ ನಮ್ಮದೇ ರಾಜ್ಯದಲ್ಲಿ ನಡೆದದ್ದನ್ನು ಪಕ್ಕಕ್ಕಿಟ್ಟು ನೋಡಿ. 1984ರ ಕಾಯ್ದೆಯಿಂದ ಬಂದ ಲೋಕಾಯುಕ್ತಕ್ಕೂ ಮಂತ್ರಿಯನ್ನು ಕೆಳಗಿಳಿಸುವ ಅಧಿಕಾರ ಇರಲಿಲ್ಲ. ವರದಿ ಬರೆಯಬಹುದಿತ್ತು, ಅಷ್ಟೇ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಬಳ್ಳಾರಿಯ ಗಣಿಗಾರಿಕೆಯ ಬಗ್ಗೆ ಸಲ್ಲಿಸಿದ ವರದಿ ಅನುಬಂಧ ಸೇರಿ 25 ಸಾವಿರ ಪುಟ ಮೀರಿತ್ತು. ನಾಲ್ಕು ದಿನಗಳಲ್ಲಿ ಆಗಿನ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಮುಂದೆ ಆ ವಿಚಾರದಿಂದ ಹುಟ್ಟಿದ ಕೇಸಿನಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು ಎಂಬುದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಎರಡನ್ನೂ ಸೇರಿಸಿ ಓದಿದರೆ ನನ್ನ ವಾದಕ್ಕೆ ಬಲವೇ ಬರುತ್ತದೆ. ಬರೆದ ಕಾರಣ ಅಧಿಕಾರವನ್ನು ಅಲುಗಾಡಿಸಬಲ್ಲದು; ಅದೇ ಬರಹವನ್ನು ಇನ್ನೊಂದು ಕಡೆ ಪರೀಕ್ಷೆಗೆ ಒಡ್ಡಿ, ಸಾಲದು ಎನ್ನಿಸಿದರೆ ಆರೋಪಿಯನ್ನು ಬಿಡಲೂಬಹುದು. ಬರೆಯದೇ ಇದ್ದಿದ್ದರೆ ಗಣಿಧೂಳಿನ ಬಗ್ಗೆ ವದಂತಿ ಉಳಿಯುತ್ತಿತ್ತು, ಆರೋಪ ಹೊತ್ತವರಿಗೂ ಅದರಿಂದ ಬಿಡುಗಡೆ ಇರುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದಿಂದ ಬರುವಂಥದ್ದು. ವಕೀಲರ ಬರವಣಿಗೆ ಉಳ್ಳವರಿಗೆ ಆಗಿಬರುತ್ತದೆ, ಬಡವನಿಗೆ ಬೇಕಾದದ್ದು ಪಟ್ಟನೆ ಸಿಗುವ ನ್ಯಾಯ, ದಾಖಲೆ ಕಾರಣ ಎಂದು ಕೂತರೆ ಗೇಣಿದಾರ ಗೇಣಿದಾರನಾಗಿಯೇ ಸಾಯುತ್ತಾನೆ ಎಂಬ ವಾದ. ಕರ್ನಾಟಕದಲ್ಲಿ ಈ ವಾದ ಕಾನೂನೇ ಆಗಿತ್ತು. ದೇವರಾಜ ಅರಸರ ಸರ್ಕಾರ ತಂದು, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಲ್ಲಿ ಭೂ ನ್ಯಾಯಮಂಡಳಿಗಳು ಬಂದವು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಉಳುವವನು ಫಾರಂ 7 ತುಂಬಿಸಿ ಕೊಟ್ಟರೆ ಸಾಕು. ವಕೀಲರು ಮಂಡಳಿಯ ಮುಂದೆ ಹಾಜರಾಗುವಂತೆಯೇ ಇರಲಿಲ್ಲ, ಕಾಯ್ದೆಯ 48ನೇ ಕಲಮು ಅವರನ್ನು ಹೊರಗಿಟ್ಟಿತ್ತು. ಅದರ ಹಿಂದಿದ್ದ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಫೀಸು ಕೊಡಬಲ್ಲ ಜಮೀನುದಾರ ಬೆಂಗಳೂರಿನಿಂದ ಹಿರಿಯ ವಕೀಲರನ್ನು ಕರೆತಂದರೆ ಕುಣಿಗಲ್ಲಿನ ಗೇಣಿದಾರ ಏನು ಮಾಡಬೇಕಿತ್ತು? ಎಷ್ಟೋ ಮನೆಗಳ ಒಲೆ ಆ ಕಾಯ್ದೆಯಿಂದ ಇಂದಿಗೂ ಉರಿಯುತ್ತಿದೆ, ಅದನ್ನು ಮರೆತು ಮಾತಾಡಬಾರದು. ಆದರೆ ಆಮೇಲೆ ನಡೆದದ್ದೇನು? ಮಂಡಳಿಗಳ ಎಷ್ಟೋ ಆದೇಶಗಳು ಒಂದೆರಡು ಸಾಲಿನವು: ಅರ್ಜಿದಾರರು ಗೇಣಿದಾರರೆಂದು ಕಂಡುಬಂದಿದೆ, ಮಂಜೂರು ಮಾಡಿದೆ. ಯಾವ ಪಹಣಿ ನೋಡಿದರು, ಯಾರ ಹೇಳಿಕೆ ಪಡೆದರು, ಜಮೀನುದಾರನ ತಕರಾರು ಯಾಕೆ ನಿಲ್ಲಲಿಲ್ಲ ಎಂಬುದು ಇರುತ್ತಿರಲಿಲ್ಲ. ಜಮೀನುದಾರರು ರಿಟ್ ಹಾಕಿದರು. ಕಾರಣವಿಲ್ಲದ, ವಿಚಾರಣೆ ಸರಿಯಾಗಿ ನಡೆಸದ ಆದೇಶಗಳನ್ನು ಹೈಕೋರ್ಟ್ ರದ್ದುಮಾಡಿ ಮರುವಿಚಾರಣೆಗೆ ಕಳಿಸಿತು. ಗೆದ್ದ ಗೇಣಿದಾರ ಮತ್ತೆ ಮೊದಲ ಮೆಟ್ಟಿಲಿಗೆ ಬಂದ. ಕೆಲವು ಕುಟುಂಬಗಳಲ್ಲಿ ಅಜ್ಜ ಹಾಕಿದ ಫಾರಂ 7ಕ್ಕೆ ಮೊಮ್ಮಕ್ಕಳು ಓಡಾಡಿದ್ದಾರೆ. ಅರ್ಧ ಪುಟ ಕಾರಣ ಬರೆದಿದ್ದರೆ ಅದೇ ಆದೇಶ ಹೈಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಬರೆದ ಕಾರಣ ಉಳ್ಳವರ ಆಸ್ತಿ ಎಂಬುದು ತಪ್ಪು ತಿಳಿವಳಿಕೆ. ಉಳ್ಳವನಿಗೆ ಕಾರಣ ಇಲ್ಲದೆಯೂ ನಡೆಯುತ್ತದೆ. ಅವನಿಗೆ ಪರಿಚಯವಿದೆ, ಫೋನಿದೆ. ಬಡವನ ಕೈಗೆ ಸಿಗಬಹುದಾದ ಆಯುಧ ಬರೆದ ಕಾರಣವೊಂದೇ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಹೇಳಬೇಕಾದ್ದನ್ನೆಲ್ಲ ಹೇಳಿ ಆಗಿದೆ. 1990ರಲ್ಲಿ ಎಸ್.ಎನ್. ಮುಖರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಜನರ ಹಕ್ಕನ್ನು ತೀರ್ಮಾನಿಸುವ ಅಧಿಕಾರಿ ಕಾರಣವನ್ನು ದಾಖಲಿಸಬೇಕೆಂದು ಹೇಳಿತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮನ್ನು ಅರ್ಜಿ ಹಾಕುವವರೂ ಓದುವುದು ಕಡಿಮೆ. ಅದರ ಪ್ರಕಾರ ಆಡಳಿತಾತ್ಮಕ ತೀರ್ಮಾನಗಳ ಕಾರಣವನ್ನು ಬಾಧಿತರಿಗೆ ಕಚೇರಿಯೇ ತಿಳಿಸಬೇಕು, ಜನರನ್ನು ತಟ್ಟುವ ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ತಾನಾಗಿ ಪ್ರಕಟಿಸಬೇಕು. ಯಾರೂ ಕೇಳುವ ಅಗತ್ಯವೇ ಇಲ್ಲ. ನಮ್ಮ ರಾಜ್ಯದ ಸಕಾಲ ಕಾಯ್ದೆ ಬಂದದ್ದು 2011ರಲ್ಲಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ಅದೂ ಹೇಳುತ್ತದೆ. ಇಷ್ಟಿದ್ದೂ ‘ನಿಯಮಾನುಸಾರ ಅವಕಾಶ ಇರುವುದಿಲ್ಲ’ ಎಂಬ ಸಾಲು ಬದುಕಿಕೊಂಡಿದೆ, ಯಾಕೆಂದರೆ ಅದು ನೋಡಲು ಕಾರಣದಂತೆಯೇ ಇದೆ. ಕಂಪ್ಯೂಟರಿನಲ್ಲಿ ಒಮ್ಮೆ ಬೆರಳಚ್ಚು ಮಾಡಿಟ್ಟರೆ ಹೆಸರು ಮತ್ತು ಸರ್ವೆ ನಂಬರು ಬದಲಿಸಿ ನೂರು ಜನಕ್ಕೆ ಕೊಡಬಹುದು. ನೂರು ಜನರ ನೂರು ಬೇರೆ ಬೇರೆ ಕಷ್ಟಗಳಿಗೆ ಒಂದೇ ಸಾಲು ಉತ್ತರವಾಗುವುದಾದರೆ, ಆ ಅರ್ಜಿಗಳನ್ನು ಯಾರೂ ಓದಿಲ್ಲ ಎಂದೇ ಅರ್ಥ.

ಕಚೇರಿಯೊಳಗೆ ಕೂತವರ ಕಷ್ಟವನ್ನೂ ಕೇಳಬೇಕು. ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ಮೇಲೆ ಹಲವು ಹಳ್ಳಿಗಳ ಹೊರೆ ಇದೆ. ಚುನಾವಣೆ, ಬೆಳೆ ಸಮೀಕ್ಷೆ, ಬರ ಪರಿಹಾರ, ಪಿಂಚಣಿ ಎಲ್ಲವೂ ಅವರ ತಲೆಯ ಮೇಲೆಯೇ. ಪ್ರತಿ ಅರ್ಜಿಗೂ ತೀರ್ಪು ಬರೆಯುತ್ತ ಕೂತರೆ ಕೆಲಸ ಸಾಗುವುದು ಹೇಗೆ ಎಂದು ಅವರು ಕೇಳುವುದು ನ್ಯಾಯವಾದದ್ದು. ಆದರೆ ಇಲ್ಲಿ ಕೇಳುತ್ತಿರುವುದು ಹೈಕೋರ್ಟಿನ ತೀರ್ಪಿನಂಥ ಬರಹವನ್ನಲ್ಲ, ಮೂರು ಸಾಲನ್ನು. ಸರ್ವೆ ನಂಬರು ಇಂಥದ್ದು ದಾಖಲೆಯಲ್ಲಿ ಗೋಮಾಳವಾಗಿದೆ. ಇಂಥ ಕಲಮಿನಂತೆ ಇಷ್ಟು ಎಕರೆ ಕಾಯ್ದಿರಿಸಬೇಕಿದೆ. ನಿಮ್ಮ ಅನುಭವಕ್ಕೆ ಇಂಥ ವರ್ಷದ ಪಹಣಿ ತಂದರೆ ಮರುಪರಿಶೀಲಿಸುತ್ತೇವೆ. ಹೀಗೆ ಬರೆದುಕೊಟ್ಟರೆ ಅರ್ಜಿದಾರ ಮತ್ತೆ ಹತ್ತು ಸಲ ಅದೇ ಮೇಜಿನ ಮುಂದೆ ಬಂದು ನಿಲ್ಲುವುದಿಲ್ಲ. ಒಂದು ಸಾಲಿನ ಹಿಂಬರಹ ಹತ್ತು ನಿಮಿಷ ಉಳಿಸಿ ಹತ್ತು ವರ್ಷ ತಿನ್ನುತ್ತದೆ. ಇನ್ನು, ಬರೆದರೆ ಅದು ತಮ್ಮ ಕುತ್ತಿಗೆಗೆ ಬರುತ್ತದೆಂಬ ಭಯವೂ ಅಧಿಕಾರಿಗಳಲ್ಲಿದೆ. ಅದು ಸುಳ್ಳಲ್ಲ. ಆದರೆ ಪ್ರಾಮಾಣಿಕ ಅಧಿಕಾರಿಗೆ ಮೇಲಿನವರ ಒತ್ತಡದಿಂದ ಪಾರಾಗಲು ಕಡತದಲ್ಲಿ ತಾನು ಬರೆದ ಕಾರಣಕ್ಕಿಂತ ಒಳ್ಳೆಯ ಗುರಾಣಿ ಯಾವುದಿದೆ?

ಕಾರಣ ಬರೆದರೆ ಸಾಲದು, ಓದಲು ಬರಬೇಕು. ಶ್ರೀನಿವಾಸರಾಯರ ಬದುಕಿನ ಇನ್ನೊಂದು ಮಗ್ಗುಲು ನನಗೆ ಮುಖ್ಯವಾಗುವುದು ಇಲ್ಲೇ. ಇಂಗ್ಲಿಷಿನಲ್ಲಿ ಕಾನೂನು ಓದಿ ಇಂಗ್ಲಿಷಿನಲ್ಲಿ ವಾದಿಸಿ ಇಂಗ್ಲಿಷಿನಲ್ಲಿ ತೀರ್ಪು ಬರೆದ ಮನುಷ್ಯ, ತಮ್ಮ ಬಿಡುವಿನ ಹೊತ್ತನ್ನು ಮತ್ತು ಕೈಯ ಹಣವನ್ನು ಕನ್ನಡ ಪುಸ್ತಕಗಳಿಗೆ ಹಾಕಿದರು. ಶಿವರಾಮ ಕಾರಂತರಂಥವರ ಕೃತಿಗಳನ್ನು ಸತ್ಯಶೋಧನ ಹೊರತಂದಿತು. ಅದು ಲಾಭದ ವ್ಯಾಪಾರವಾಗಿದ್ದ ಕಾಲವಲ್ಲ. ನ್ಯಾಯಕ್ಕೂ ಪುಸ್ತಕಕ್ಕೂ ಏನು ಸಂಬಂಧ ಎಂದರೆ, ಓದುವ ಜನ ಇಲ್ಲದ ನಾಡಿನಲ್ಲಿ ಕಾರಣ ಬರೆಯುವ ಸರ್ಕಾರ ಹುಟ್ಟುವುದಿಲ್ಲ ಎಂಬುದೇ ಉತ್ತರ. ರಾಜ್ಯದ 1963ರ ರಾಜಭಾಷಾ ಕಾಯ್ದೆ ಬಂದು ಆರು ದಶಕ ಕಳೆದಿದೆ. ಕಚೇರಿಯ ಪತ್ರಗಳು ಕನ್ನಡದಲ್ಲೇ ಬರುತ್ತವೆ ನಿಜ, ಆದರೆ ಯೋಜನಾ ವರದಿ, ತಾಂತ್ರಿಕ ಸಮಿತಿಯ ಅಭಿಪ್ರಾಯ, ಪರಿಸರದ ಮೇಲಿನ ಪರಿಣಾಮದ ಅಂದಾಜು, ಅಂದರೆ ಕಾರಣ ಇರುವ ಕಾಗದಗಳು ಬಹುಪಾಲು ಇಂಗ್ಲಿಷಿನಲ್ಲೇ ಉಳಿದಿವೆ. ಆಜ್ಞೆ ಕನ್ನಡದಲ್ಲಿ, ಅದರ ಕಾರಣ ಇಂಗ್ಲಿಷಿನಲ್ಲಿ ಎಂಬ ಈ ಸೀಳು ನಮ್ಮ ತುಮಕೂರು ಜಿಲ್ಲೆಯಲ್ಲಿ ಬೆಂಕಿ ಹೊತ್ತಿಸಿದೆ.

ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಮಾತು ಹೇಳುತ್ತಿದ್ದೇನೆ. ಗೊರೂರಿನ ಜಲಾಶಯದಿಂದ ತುಮಕೂರು ಶಾಖಾ ಕಾಲುವೆಯಲ್ಲಿ ಬರುವ ನೀರು ಗುಬ್ಬಿ, ತುಮಕೂರಿನ ಕೆರೆಗಳನ್ನು ದಾಟಿ ಕುಣಿಗಲ್ ತಲುಪುವ ಹೊತ್ತಿಗೆ ಸೊರಗುತ್ತದೆ, ನಮ್ಮ ಪಾಲು ಕಾಗದದಲ್ಲಿ ಮಾತ್ರ ಇದೆ, ಆದ್ದರಿಂದ ನೇರ ಪೈಪ್‌ಲೈನ್ ಬೇಕು ಎಂಬುದು ಕುಣಿಗಲ್ಲಿನವರ ವಾದ. ಕಾಲುವೆಯ ಮೇಲ್ಭಾಗದಲ್ಲೇ ನೀರನ್ನು ತಿರುಗಿಸಿದರೆ ನಮ್ಮ ಕೆರೆಗಳು ಬತ್ತುತ್ತವೆ, ಕುಣಿಗಲ್ಲಿನ ಹೆಸರಿನಲ್ಲಿ ನೀರು ಜಿಲ್ಲೆಯ ಆಚೆಗೂ ಹೋಗುತ್ತದೆ ಎಂಬುದು ಗುಬ್ಬಿ, ತುಮಕೂರು ಕಡೆಯವರ ಭಯ. 2025ರ ಮೇ ತಿಂಗಳ ಕೊನೆಯ ದಿನ ಗುಬ್ಬಿ ತಾಲ್ಲೂಕಿನ ಸುಂಕಾಪುರದಲ್ಲಿ ನಿಷೇಧಾಜ್ಞೆಯ ನಡುವೆಯೂ ಸಾವಿರಾರು ರೈತರು, ಮಠಾಧೀಶರು, ಶಾಸಕರು ಸೇರಿ ಕಾಮಗಾರಿ ತಡೆದರು. ಎರಡೂ ಕಡೆಯವರು ಒಂದೇ ಜಿಲ್ಲೆಯವರು, ಒಂದೇ ತೆಂಗು, ಒಂದೇ ರಾಗಿ, ಹೆಣ್ಣು ಕೊಟ್ಟು ತಂದ ನಂಟರು. ಯಾರ ವಾದ ಸರಿ ಎಂದು ಇಲ್ಲಿ ತೀರ್ಪು ಕೊಡಲು ನಾನು ಹೊರಟಿಲ್ಲ, ಅದಕ್ಕೆ ಬೇಕಾದ ಲೆಕ್ಕ ಸಾರ್ವಜನಿಕರ ಕೈಯಲ್ಲಿಲ್ಲ. ಪ್ರತಿ ವರ್ಷ ಯಾವ ತೂಬಿನಲ್ಲಿ ಎಷ್ಟು ನೀರು ಹರಿಯಿತು, ಯಾವ ಕೆರೆಗೆ ಎಷ್ಟು ಹಂಚಿಕೆಯಾಗಿದೆ, ಎಷ್ಟು ತಲುಪಿತು, ದಾರಿಯಲ್ಲಿ ಎಷ್ಟು ಸೋರಿತು, ಹಳೆಯ ಕಾಲುವೆಯನ್ನು ಅಗಲಿಸಿದರೂ ಕುಣಿಗಲ್ಲಿಗೆ ನೀರು ಸಿಗುವುದಿಲ್ಲವೆಂದು ಎಂಜಿನಿಯರುಗಳು ಯಾಕೆ ತೀರ್ಮಾನಿಸಿದರು ಎಂಬ ಪ್ರಶ್ನೆಗಳಿಗೆ ಎರಡೂ ತಾಲ್ಲೂಕಿನವರು ಒಟ್ಟಿಗೆ ಓದಬಹುದಾದ ಕನ್ನಡದ ಉತ್ತರ ಹಳ್ಳಿಹಳ್ಳಿಗೆ ತಲುಪಿಲ್ಲ. ತಲುಪಿದ್ದು ನೋಟಿಸು, ಜೆಸಿಬಿ, ಪೊಲೀಸ್ ವ್ಯಾನು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಅಗೆಯುವ ಮೊದಲು ಮಾಡಬೇಕೆಂದು ಹೇಳಿದ ಕೆಲಸ ಅಗೆದ ಮೇಲೂ ಆಗಲಿಲ್ಲ.

ಕಾರಣ ಬರೆದಿಟ್ಟರೆ ಜಗಳ ನಿಂತುಬಿಡುತ್ತದೆಯೇ ಎಂದು ಕೇಳಬಹುದು. ನಿಲ್ಲುವುದಿಲ್ಲ. ನೀರು ಸಾಲದ ಕಡೆ ಜಗಳ ಇದ್ದೇ ಇರುತ್ತದೆ, ಮತ ಬೇಕಾದವರು ಅದನ್ನು ಊದಿಯೇ ಊದುತ್ತಾರೆ. ಶ್ರೀನಿವಾಸರಾಯರು ಚುನಾವಣೆಯ ಕಣದ ಮನುಷ್ಯರಾಗಿರಲಿಲ್ಲ, ಮತದ ಒತ್ತಡ ಗೊತ್ತಿಲ್ಲದವರ ಮಾದರಿಯನ್ನು ಶಾಸಕರ ಮುಂದೆ ಇಡುವುದು ಸುಲಭ ಎನ್ನುವವರಿಗೆ ಬಾಸ್ಟನ್ನಿನ ಆಡಮ್ಸರೇ ಉತ್ತರ. ಅವರು ಮತ ಪಡೆದದ್ದು ಮುಚ್ಚಿಟ್ಟು ಅಲ್ಲ, ಬಿಚ್ಚಿಟ್ಟು. ಲೆಕ್ಕ ಎದುರಿಗಿದ್ದಾಗ ಗುಬ್ಬಿಯ ರೈತ ಕುಣಿಗಲ್ಲಿನ ರೈತನನ್ನು ಕಳ್ಳನೆನ್ನುವ ಬದಲು, ಇಂಥ ತಿಂಗಳ ಈ ಅಂಕಿ ತಪ್ಪು ಎಂದು ವಾದಿಸಬಹುದು. ಆ ವಾದಕ್ಕೆ ಉತ್ತರ ಕೊಡಲು ಕಾವೇರಿ ನೀರಾವರಿ ನಿಗಮಕ್ಕೂ ದಾರಿ ಇರುತ್ತದೆ, ತಪ್ಪಿದ್ದರೆ ತಿದ್ದಿಕೊಳ್ಳಲೂ ದಾರಿ ಇರುತ್ತದೆ. ನಿಗಮ ಈ ವರ್ಷ ನೀರು ಬಿಡುವ ಮೊದಲು ಒಂದು ಹಾಳೆ ಸಿದ್ಧಪಡಿಸಲಿ: ಎಡಗಡೆ ಕೆರೆಯ ಹೆಸರು, ನಡುವೆ ಹಂಚಿಕೆ, ಬಲಗಡೆ ಕಳೆದ ಹತ್ತು ವರ್ಷ ನಿಜಕ್ಕೂ ಬಂದ ನೀರು, ಕೆಳಗೆ ಪೈಪ್‌ಲೈನ್ ಬೇಕೆಂದು ಅಥವಾ ಬೇಡವೆಂದು ತೀರ್ಮಾನಿಸಿದ್ದಕ್ಕೆ ಕಾರಣ, ಅದನ್ನು ಬರೆದ ಅಧಿಕಾರಿಯ ಹೆಸರು ಮತ್ತು ಹುದ್ದೆ. ಎಲ್ಲವೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಆ ಹಾಳೆಯ ಮೊದಲ ಪ್ರತಿ ಸುಂಕಾಪುರದಲ್ಲಿ ಕಾಮಗಾರಿ ನಿಂತ ಜಾಗದಲ್ಲಿ ಇರಲಿ, ಎರಡನೆಯದು ಕುಣಿಗಲ್ ದೊಡ್ಡಕೆರೆಯ ತೂಬಿನ ಪಕ್ಕದಲ್ಲಿ.